ಡಯಲ್-ಅಪ್ (ಫೋನ್ ಲೈನಲ್ಲೇ ಇಂಟರ್ನೆಟ್) ಕಾಲದಲ್ಲಿ ಸಾಫ್ಟ್‌ವೇರ್ ಹೇಗೆ ತಗೋತಿದ್ರಿ?

ಪ್ರಶ್ನೆ: 1998-99ರಲ್ಲಿ ಮನೇಲಿ ಕಂಪ್ಯೂಟರ್ ಇದ್ದೋರು ಹೇಳಿ, ಸಾಫ್ಟ್‌ವೇರ್ ನೆಟ್ಟಿಂದ ಇಳಿಸ್ಕೊಳ್ತಿದ್ರಾ, ಅಂಗಡೀಲಿ ಸಿಡಿ ತರ್ತಿದ್ರಾ?

ಉತ್ತರ 1: ಎರಡೂ ಸಾರ್. 56ಕೆ ಮೋಡೆಮ್ ಅಂದ್ರೂ ಸೆಕೆಂಡಿಗೆ 4-5 ಕೆಬಿ ಬಂದ್ರೆ ಹೆಚ್ಚು, 5 ಎಂಬಿ ಫೈಲಿಗೆ ಇಪ್ಪತ್ತು ನಿಮಿಷ, ಅಷ್ಟರಲ್ಲಿ ಯಾರಾದ್ರೂ ಪಕ್ಕದ ರೂಮಲ್ಲಿ ಫೋನ್ ಎತ್ತಿದ್ರೆ ಲೈನ್ ಕಟ್, ಮತ್ತೆ ಮೊದಲಿಂದ. ಗೆಟ್‌ರೈಟ್ ಅನ್ನೋ ಡೌನ್‌ಲೋಡ್ ಸಾಫ್ಟ್‌ವೇರ್ ಹಾಕ್ಕೊಂಡ್ಮೇಲೆ ನಿಂತಲ್ಲಿಂದ ಮುಂದುವರೀತಿತ್ತು, ಹೋದ ಜೀವ ಬಂದಂಗಾಯ್ತು.

ಉತ್ತರ 2: ನಾನು ‘ಬರಹ’ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ನೆಟ್ಟಿಂದ ಇಳಿಸಿದ್ದೂ ಹಾಗೇ, ರಾತ್ರಿ ಹನ್ನೊಂದರ ಮೇಲೆ. ಕನ್ನಡದಲ್ಲಿ ಮೊದಲು ಟೈಪ್ ಮಾಡಿದ್ದು ಅಮ್ಮನ ಹೆಸರು, ಅಮ್ಮ ಕನ್ನಡಕ ಹುಡುಕ್ಕೊಂಡು ಬಂದು ನೋಡಿದ್ರು.

ಉತ್ತರ 3: ದೊಡ್ಡ ಸಾಫ್ಟ್‌ವೇರ್ ಆದ್ರೆ ಬೆಂಗಳೂರಿನ ಎಸ್‌ಪಿ ರೋಡಿನ ಕಂಪ್ಯೂಟರ್ ಅಂಗಡಿಗಳೇ ಗತಿ, ಇಲ್ಲಾ ಕಂಪ್ಯೂಟರ್ ಪತ್ರಿಕೆ ಜೊತೆ ಬರೋ ಸಿಡಿ. ಶೇರ್‌ವೇರ್‌ಗೆ (ಮೊದಲು ಬಳಸಿ ನೋಡಿ ಆಮೇಲೆ ಕೊಳ್ಳೋ ಸಾಫ್ಟ್‌ವೇರ್) ದುಡ್ಡು ಡಾಲರಲ್ಲಿ ಕಟ್ಟಬೇಕಿತ್ತು, ಅಮೆರಿಕಾದಲ್ಲಿದ್ದ ಅಣ್ಣನ ಕೈಲಿ ಕಟ್ಟಿಸಿ ಕೀ (ದುಡ್ಡು ಕಟ್ಟಿದೋರಿಗೆ ಕೊಡೋ ನೋಂದಣಿ ನಂಬರ್) ಈಮೇಲಲ್ಲಿ ತರಿಸ್ಕೊಂಡಿದ್ದೆ, ಆ ನಂಬರ್ ಬರ್ಕೊಂಡ ಡೈರಿ ಇನ್ನೂ ಇದೆ.