ಕಾಲೇಜಿನ ಅರಬ್ಬಿ: ಸ್ವರಚಿಹ್ನೆಯಿಲ್ಲದ ಪಠ್ಯವನ್ನು ಓದುವುದು ಹೇಗೆ?

ಪ್ರಶ್ನೆ (ಎರಡನೇ ವರ್ಷದ ವಿದ್ಯಾರ್ಥಿ)

ಮಾನ್ಯರೇ, ಪದವಿ ತರಗತಿಯಲ್ಲಿ ಅರಬ್ಬಿಯನ್ನು ಅಕ್ಷರಾಭ್ಯಾಸದಿಂದ ಆರಂಭಿಸಿ ಒಂದು ವರ್ಷ ಮುಗಿಸಿದ್ದೇನೆ. 28 ಅಕ್ಷರಗಳೂ, ಪದದ ಆದಿ, ಮಧ್ಯ, ಅಂತ್ಯಗಳಲ್ಲಿ ಅವು ತಾಳುವ ರೂಪಗಳೂ ಕೈಗೆ ಹತ್ತಿವೆ. ಸ್ವರಚಿಹ್ನೆ ಹಾಕಿದ ಪಾಠವನ್ನು ತಡವರಿಸದೆ ಓದುತ್ತೇನೆ. ಈ ವರ್ಷದ ಪಠ್ಯದಲ್ಲಿ ಆ ಚಿಹ್ನೆಗಳಿಲ್ಲದ ಕಾರಣ ಒಂದು ಸಾಲಿಗೆ ಹತ್ತು ನಿಮಿಷ ಹಿಡಿಯುತ್ತಿದೆ. ನಾವು ಕಲಿಯುವ ಫುಸ್‌ಹಾ (ಬರಹದ ಶಿಷ್ಟ ಅರಬ್ಬಿ) ಯಾರ ಮನೆಮಾತೂ ಅಲ್ಲವೆಂದು ತಿಳಿದ ಮೇಲೆ, ಆಡುನುಡಿಯೊಂದನ್ನೂ ಈಗಲೇ ಕಲಿಯಬೇಕೇ ಎಂಬ ಗೊಂದಲವೂ ಇದೆ. ಅನುಭವಿಗಳು ದಯವಿಟ್ಟು ತಿಳಿಸಿ.

ಉತ್ತರ 1 (ಅರಬ್ಬಿ ಅಧ್ಯಾಪಕಿ)

ಬೇರೆ ಹಲವು ಭಾಷೆಗಳಲ್ಲಿ ಓದಿದ ಮೇಲೆ ಅರ್ಥವಾಗುತ್ತದೆ. ಅರಬ್ಬಿಯಲ್ಲಿ ಅರ್ಥವಾದ ಮೇಲೆಯೇ ಸರಿಯಾಗಿ ಓದಲು ಬರುತ್ತದೆ. ‘ಕ್-ತ್-ಬ್’ ಎಂಬ ಮೂರು ವ್ಯಂಜನಗಳಷ್ಟೇ ಬರೆದಿದ್ದರೆ ಅದು ‘ಕತಬ’ (ಬರೆದನು), ‘ಕುತಿಬ’ (ಬರೆಯಲ್ಪಟ್ಟಿತು), ‘ಕುತುಬ್’ (ಪುಸ್ತಕಗಳು) ಇವುಗಳಲ್ಲಿ ಯಾವುದೂ ಆಗಬಹುದು. ಮುಂದೆ ‘ಅತ್ತಾಲಿಬ್’ (ವಿದ್ಯಾರ್ಥಿ) ಎಂದು ಬಂದರೂ ಸಂದೇಹ ತೀರುವುದಿಲ್ಲ. ‘ವಿದ್ಯಾರ್ಥಿ ಬರೆದನು’ ಎಂದೂ ‘ವಿದ್ಯಾರ್ಥಿಯ ಪುಸ್ತಕಗಳು’ ಎಂದೂ ಓದಲು ಬರುತ್ತದೆ. ಮೂರನೆಯ ಪದ ‘ಅದ್ದರ್ಸ್’ (ಪಾಠ) ಆಗಿದ್ದರೆ ಮೊದಲಿನದು ಕ್ರಿಯಾಪದ. ‘ಜದೀದಾ’ (ಹೊಸ) ಆಗಿದ್ದರೆ ಪುಸ್ತಕಗಳೇ, ಏಕೆಂದರೆ ಮನುಷ್ಯೇತರ ಬಹುವಚನಕ್ಕೆ ಅರಬ್ಬಿಯಲ್ಲಿ ವಿಶೇಷಣವು ಸ್ತ್ರೀಲಿಂಗ ಏಕವಚನದಲ್ಲಿ ಬರುತ್ತದೆ. ಆದ್ದರಿಂದ ಮೊದಲು ಕಣ್ಣನ್ನು ವಾಕ್ಯದ ಕೊನೆಯವರೆಗೆ ಹಾಯಿಸಿ, ಅನಂತರ ಬಾಯಿ ತೆರೆಯಿರಿ. ದಿನಕ್ಕೆ ಐದೇ ಸಾಲು ಸಾಕು. ಪೆನ್ಸಿಲ್ ಹಿಡಿದು ಸ್ವರಚಿಹ್ನೆಗಳನ್ನು ನೀವೇ ಹಾಕಿ, ಪ್ರತಿಯೊಂದಕ್ಕೂ ಕಾರಣ ಹೇಳಿಕೊಳ್ಳಿ.

ಧಾತುವನ್ನು ಗುರುತಿಸುವುದು ಇನ್ನೊಂದು ಸಾಧನ. ‘ದ್-ರ್-ಸ್’ನಿಂದ ‘ದರ್ಸ್’ ಎಂದರೆ ಪಾಠ, ‘ಮದ್ರಸಾ’ ಎಂದರೆ ಕಲಿಯುವ ಸ್ಥಳ. ಅದೇ ಅಚ್ಚಿನಲ್ಲಿ ‘ಕ್-ತ್-ಬ್’ ಹಾಕಿದರೆ ‘ಮಕ್ತಬಾ’, ಅಂದರೆ ಗ್ರಂಥಾಲಯ. ಹಾನ್ಸ್ ವೇರ್ ನಿಘಂಟು ಧಾತುಗಳ ಕ್ರಮದಲ್ಲಿರುವುದರಿಂದ ‘ಮುಸ್ತಕ್ಬಲ್’ (ಭವಿಷ್ಯ) ಪದವನ್ನು ‘ಮ’ದಲ್ಲಿ ಹುಡುಕಿದರೆ ಸಿಗುವುದಿಲ್ಲ, ‘ಕ್-ಬ್-ಲ್’ ಅಡಿಯಲ್ಲಿ ನೋಡಬೇಕು. ನಿಘಂಟನ್ನು ಹೀಗೆ ತಾನಾಗಿ ಬಿಡಿಸಲು ಕಲಿತ ವಿದ್ಯಾರ್ಥಿ ಮಧ್ಯಮ ಹಂತಕ್ಕೆ ಕಾಲಿಟ್ಟಿದ್ದಾನೆ ಎಂದೇ ನಾನು ಎಣಿಸುತ್ತೇನೆ.

ಉತ್ತರ 2 (ಅಂತಿಮ ವರ್ಷದ ವಿದ್ಯಾರ್ಥಿನಿ)

ಮೇಡಂ ಹೇಳಿದ ಪೆನ್ಸಿಲ್ ಅಭ್ಯಾಸವೇ ನನ್ನನ್ನು ದಡ ಸೇರಿಸಿತು. ಆಡುನುಡಿಯ ಬಗ್ಗೆ ಹೇಳುವುದಾದರೆ, ‘ನಿನಗೇನು ಬೇಕು’ ಎಂಬುದಕ್ಕೆ ಫುಸ್‌ಹಾದಲ್ಲಿ ‘ಮಾದಾ ತುರೀದ್’, ಈಜಿಪ್ಟಿನಲ್ಲಿ ‘ಆಯಿಜ್ ಏ’, ಸಿರಿಯಾ-ಲೆಬನಾನ್ ಕಡೆ ‘ಶೂ ಬಿದ್ದಕ್’ ಎನ್ನುತ್ತಾರೆ. ಅಂತರ ಇಷ್ಟಿರುವುದರಿಂದ ಎರಡು ಆಡುನುಡಿಗಳನ್ನು ಒಟ್ಟಿಗೆ ಹಿಡಿಯಬೇಡಿ. ಮುಂದೆ ಯಾರೊಂದಿಗೆ ಮಾತನಾಡುವಿರೋ ಅವರದೊಂದನ್ನು ಈ ವರ್ಷದ ಕೊನೆಗೆ ಆರಂಭಿಸಿ.

ಅಮೆರಿಕದ ವಿದೇಶಾಂಗ ಸೇವಾ ಸಂಸ್ಥೆ ಇಂಗ್ಲಿಷ್ ಮಾತನಾಡುವವರು ಅರಬ್ಬಿಯಲ್ಲಿ ವೃತ್ತಿಗೆ ಸಾಲುವಷ್ಟು ಪ್ರೌಢಿಮೆ ಪಡೆಯಲು ಸುಮಾರು 2,200 ತರಗತಿ ಗಂಟೆಗಳನ್ನು ಅಂದಾಜಿಸುತ್ತದೆ. ವಾರಕ್ಕೆ ಐದು ಗಂಟೆಯಂತೆ ವರ್ಷಕ್ಕೆ 30 ವಾರ ಪಾಠವಾದರೂ ಮೂರು ವರ್ಷಕ್ಕೆ ಆಗುವುದು 450 ಗಂಟೆ. ಉಳಿದುದನ್ನು ನಾವೇ ದುಡಿದು ಸೇರಿಸಬೇಕು. ಉಚ್ಚಾರಣೆಯನ್ನೂ ಈಗಲೇ ತಿದ್ದಿಕೊಳ್ಳಿ: ಹೃದಯಕ್ಕೂ ನಾಯಿಗೂ ಕನ್ನಡ ಲಿಪಿಯಲ್ಲಿ ನಾವು ‘ಕಲ್ಬ್’ ಎಂದೇ ಬರೆಯುತ್ತೇವೆ, ಆದರೆ ಹೃದಯದ ‘ಕ’ ಕಿರುನಾಲಿಗೆಯ ಬಳಿ ಹುಟ್ಟುತ್ತದೆ. ಅಂದಹಾಗೆ, ಭೂತಕಾಲದ ಕ್ರಿಯಾಪದಕ್ಕಿರುವ ‘ಮಾದೀ’ ಎಂಬ ಹೆಸರೇ ಪಾರಸಿಯ ಮೂಲಕ ಬಂದ ನಮ್ಮ ‘ಮಾಜಿ’ ಎಂದು ತಿಳಿದ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಇಂದು ಐದು ಸಾಲಿಗೆ ಚಿಹ್ನೆ ಹಾಕಿದೆ. ‘ದ್-ರ್-ಸ್’ ಒಂದೆಡೆ ‘ದರಸ’ (ಕಲಿತನು) ಆಗಬೇಕೋ, ‘ದರ್ರಸ’ (ಕಲಿಸಿದನು) ಆಗಬೇಕೋ ತಿಳಿಯಲಿಲ್ಲ. ದ್ವಿತ್ವದ ಚಿಹ್ನೆಯನ್ನೂ ಬಿಟ್ಟಿದ್ದಾರೆ.

ಉತ್ತರ 1

ಕರ್ಮಪದವನ್ನು ನೋಡಿ. ಅದು ‘ಪಾಠ’ವಾಗಿದ್ದರೆ ಹಿಂದಿನ ಸಾಲುಗಳನ್ನೂ ಓದಿ ನಿರ್ಧರಿಸಬೇಕು; ‘ವಿದ್ಯಾರ್ಥಿಗಳನ್ನು’ ಎಂದಿದ್ದರೆ ಸಂದೇಹವಿಲ್ಲದೆ ‘ದರ್ರಸ’.