ಡರ್ಟ್ ಟ್ರ್ಯಾಕ್‌ಗೆ ಇಳಿಯೋಕೆ ದುಡ್ಡೆಷ್ಟು ಬೇಕು?

ಪ್ರಶ್ನೆ (ಹಾಸನ): ನಮಸ್ಕಾರ ಸರ್. ನನ್ನತ್ರ ಹೀರೋ ಎಕ್ಸ್‌ಪಲ್ಸ್ 200 ಬೈಕ್ ಇದೆ. ಒಂದ್ಸಲನಾದ್ರೂ ಡರ್ಟ್ ಟ್ರ್ಯಾಕ್ (ಮಣ್ಣಿನ ಟ್ರ್ಯಾಕ್) ರೇಸ್ ಓಡಿಸಬೇಕು. ಎಂಟ್ರಿ ಫೀ ಬೇರೆ, ಲೈಸೆನ್ಸ್ ಫೀ ಬೇರೆ ಅಂತಾರೆ. ಡಿಎಲ್ ಇದ್ರೆ ಸಾಲದಾ? ಅಪ್ಪನಿಗೆ ಲೆಕ್ಕ ಒಪ್ಪಿಸಬೇಕು.

ಉತ್ತರ (ರೇಸ್ ಬೈಕ್ ಮೆಕ್ಯಾನಿಕ್, ಬೆಂಗಳೂರು): ಸಾಲಲ್ಲ. ರೇಸಿಗೆ ಎಫ್‌ಎಂಎಸ್‌ಸಿಐ (ದೇಶದ ಮೋಟಾರ್ ರೇಸ್ ಫೆಡರೇಷನ್) ಕೊಡೋ ಕಾಂಪಿಟಿಷನ್ ಲೈಸೆನ್ಸ್ ಬೇಕು. ಅದು ಕ್ಯಾಲೆಂಡರ್ ವರ್ಷಕ್ಕೆ ಮಾತ್ರ. ನವೆಂಬರಲ್ಲಿ ಮಾಡಿಸಿದ್ರೂ ಡಿಸೆಂಬರ್ 31ಕ್ಕೆ ಮುಗೀತು, ಹಾಗಾಗಿ ಸೀಸನ್ ಶುರುವಲ್ಲೇ ಮಾಡಿಸಿ. ಡಾಕ್ಟರ ಫಿಟ್‌ನೆಸ್ ಸರ್ಟಿಫಿಕೇಟ್ ಬೇಕು, 18 ತುಂಬದವರಿಗೆ ಅಪ್ಪ-ಅಮ್ಮನ ಸಹಿ. ಹಾಗಂತ ಡಿಎಲ್ ಬಿಸಾಡಬೇಡಿ. ರ‍್ಯಾಲಿಯಲ್ಲಿ ಒಂದು ಸ್ಟೇಜಿಂದ (ಸಮಯ ಲೆಕ್ಕ ಹಾಕೋ ದಾರಿಯ ತುಂಡು) ಇನ್ನೊಂದಕ್ಕೆ ಹೋಗೋದು ಮಾಮೂಲಿ ರೋಡಲ್ಲೇ, ಅಲ್ಲಿ ಡಿಎಲ್, ಆರ್‌ಸಿ, ಇನ್ಶೂರೆನ್ಸ್ ಮೂರೂ ಬೇಕು.

ಲೈಸೆನ್ಸ್ ಖರ್ಚು ವರ್ಷಕ್ಕೊಂದೇ ಸಲ. ಎರಡು ಫೀಗಳಲ್ಲಿ ಜೇಬು ಸುಡೋದು ಎಂಟ್ರಿ ಫೀ. ಅದು ಆಳಿಗಿಷ್ಟು ಅಂತಲ್ಲ, ಕ್ಲಾಸಿಗಿಷ್ಟು. ನಿಮ್ಮ ಗಾಡೀನ 260 ಸಿಸಿವರೆಗಿನ ಕ್ಲಾಸಿಗೂ ಹಾಕಿ, ಆಸೆಗೆ ಬಿದ್ದು ಓಪನ್ ಕ್ಲಾಸಿಗೂ ಹಾಕಿದ್ರೆ ಎರಡು ಫೀ. ಕೊನೇ ದಿನ ದಾಟಿದ್ರೆ ಲೇಟ್ ಫೀ ಬೇರೆ. ಪ್ರತಿ ರೇಸಿಗೂ ಎಸ್‌ಆರ್ ಅಂತ ನಿಯಮಾವಳಿ ಬರುತ್ತೆ. ಫೀ ಎಷ್ಟು, ಬರದಿದ್ರೆ ವಾಪಸ್ ಕೊಡ್ತಾರಾ, ಎಲ್ಲ ಅದರಲ್ಲಿರುತ್ತೆ. ನಮ್ಮ ಹುಡುಗರು ಅದನ್ನ ಓದೋದೇ ಇಲ್ಲ!

ಪ್ರಶ್ನೆ (ಸಕಲೇಶಪುರ): ಅಣ್ಣಾ, ನಮ್ಮ ಕಡೆ ಗದ್ದೇಲೇ ರೇಸ್ ಇಡ್ತಾರೆ. ಲೈಸೆನ್ಸ್ ಕೇಳಲ್ಲ, ಎಂಟ್ರಿನೂ ಅಗ್ಗ. ಲೈಸೆನ್ಸ್ ಕೇಳೋ ರೇಸ್ ನಡೆಸೋ ಕ್ಲಬ್ಬಿನವರು ಅಷ್ಟೊಂದು ವಸೂಲಿ ಮಾಡೋದ್ಯಾಕೆ?

ಉತ್ತರ: ಒಂದ್ಸಲ ಟ್ರ್ಯಾಕ್ ಪಕ್ಕ ನಿಂತು ನೋಡು. ಧೂಳು ಎದ್ರೆ ಹಿಂದಿನವನಿಗೆ ಮುಂದಿನ ಗಾಡಿ ಕಾಣಲ್ಲ, ಅದಕ್ಕೆ ಹೀಟ್‌ಗಳ (ಒಂದೊಂದು ಸುತ್ತಿನ ರೇಸ್) ಮಧ್ಯೆ ಟ್ಯಾಂಕರ್ ನೀರು ಹೊಡೀಬೇಕು. ತಿರುವು ತಿರುವಿಗೂ ಬಾವುಟ ಹಿಡಿದ ಮಾರ್ಷಲ್. ಬಿದ್ದವನನ್ನ ಹಾಕ್ಕೊಂಡು ಆಂಬುಲೆನ್ಸ್ ಹೊರಟ್ರೆ, ಇನ್ನೊಂದು ಬಂದು ನಿಲ್ಲೋವರೆಗೆ ರೇಸ್ ಬಂದ್. ಜೊತೆಗೆ ಡಾಕ್ಟರು, ಟೈಮಿಂಗ್, ಇನ್ಶೂರೆನ್ಸ್. ನಿಮ್ಮ ಗದ್ದೇಲಿ ಇದರಲ್ಲಿ ಎಷ್ಟಿದೆ, ನೀನೇ ಲೆಕ್ಕ ಹಾಕು. ಬೈಕಿನ ಮಾಮೂಲಿ ಪಾಲಿಸೀಲಿ ರೇಸಿಗೆ ಕವರ್ ಇಲ್ಲ ಅಂತ ಬರೆದೇ ಇರುತ್ತೆ, ತೆಗೆದು ಓದು. ಲೈಸೆನ್ಸ್ ಇರೋನು ಮಾನ್ಯತೆ ಇಲ್ಲದ ರೇಸಲ್ಲಿ ಓಡಿಸಿದ್ರೆ ಫೆಡರೇಷನ್ ಅಮಾನತು ಮಾಡಬಹುದು.

ಪ್ರಶ್ನೆ (ಹಾಸನ): ಒಟ್ಟಲ್ಲಿ ಹೆಚ್ಚು ದುಡ್ಡು ಎಲ್ಲಿ ಹೋಗುತ್ತೆ ಸರ್?

ಉತ್ತರ: ಟೈರು, ಮೈಮೇಲೆ ಹಾಕೋ ರೈಡಿಂಗ್ ಗೇರು, ಸಾಗಾಣಿಕೆ. ಹೆಲ್ಮೆಟ್ಟಲ್ಲಿ ಮಾತ್ರ ಜಿಪುಣತನ ಬೇಡ. ಕೊಳ್ಳುವಾಗ ಗದ್ದದ ಪಟ್ಟಿ ನೋಡಿ, ಎರಡು ಉಂಗುರದೊಳಗೆ ತೂರಿಸಿ ಬಿಗಿಯೋ ಡಬಲ್ ಡಿ-ರಿಂಗೇ ಇರಲಿ. ಅಗ್ಗದ್ದು ತಂದು ಸ್ಕ್ರುಟಿನೀಲಿ (ರೇಸಿಗೆ ಮುಂಚಿನ ತಪಾಸಣೆ) ಫೇಲಾದ್ರೆ ಕಟ್ಟಿದ ಫೀನೂ ನೀರುಪಾಲು. ಮೊದಲ ರೇಸಿಗೆ ಒಂದೇ ಕ್ಲಾಸ್ ಹಾಕಿ, ನಾವಿಸ್ (ಹೊಸಬರ ಕ್ಲಾಸ್) ಇದ್ರೆ ಅದೇ. ಗಾಡೀನ ಇಬ್ಬರು ಸೇರಿ ಒಂದೇ ಪಿಕಪ್ಪಲ್ಲಿ ತನ್ನಿ.

ಡರ್ಟೇ ಆಗಬೇಕು ಅಂತ ಹಟ ಇಲ್ಲದಿದ್ರೆ ಟಿವಿಎಸ್ ಒನ್ ಮೇಕ್ (ಎಲ್ಲರೂ ಒಂದೇ ಮಾದರಿ ಗಾಡಿ ಓಡಿಸೋ ರೇಸ್) ಸೆಲೆಕ್ಷನ್ನಿಗೂ ಹೋಗಿ. ಚೆನ್ನೈ ಹತ್ರ ಇರುಂಗಾಟ್ಟುಕೋಟೈ ಟ್ರ್ಯಾಕಲ್ಲಿ ಲ್ಯಾಪ್ ಟೈಮ್ ನೋಡಿ ಆರಿಸ್ತಾರೆ, ರೇಸಿಗೆ ಗಾಡಿ ಕಂಪನೀದೇ. ಬಿದ್ದು ಗಾಡಿ ಮುರಿದ್ರೆ ಖರ್ಚು ಯಾರ ತಲೆಗೆ ಅನ್ನೋದನ್ನ ಮಾತ್ರ ಫಾರ್ಮಿಗೆ ಸಹಿ ಹಾಕೋ ಮುಂಚೆ ಕೇಳಿ.