ಸಹಾಯ ಬೇಕು: ಈ ಮೆಡಿಚಿ ಲಾಂಛನ ಯಾವ ಕಾಲದ್ದು?

ಇಟಲಿಯ ಫ್ಲಾರೆನ್ಸ್‌ನ ಹಳೇ ಗೋಡೆಯೊಂದರಲ್ಲಿ ಕಂಡ, ಆ ಊರನ್ನು ಆಳಿದ ಮೆಡಿಚಿ ಮನೆತನದ ಕಲ್ಲಿನ ಲಾಂಛನ ಇದು, ಫೋಟೋ ಹಾಕಿದ್ದೇನೆ. ಗುರಾಣಿಯ ಮೇಲೆ ಆರು ಗುಂಡುಗಳಿವೆ. ಎಲ್ಲಕ್ಕಿಂತ ಮೇಲಿನದರಲ್ಲಿ ಮೂರು ಲಿಲ್ಲಿ ಹೂ, ಒಂದರ ದಳ ಮುರಿದಿದೆ. ಆ ಹೂಗಳನ್ನು ಫ್ರಾನ್ಸಿನ ದೊರೆ 11ನೇ ಲೂಯಿ ಕೊಟ್ಟಿದ್ದು 1465ರಲ್ಲಿ. ಹಾಗಾಗಿ ಅದಕ್ಕಿಂತ ಹಿಂದಿನದಂತೂ ಅಲ್ಲ, ಅಲ್ವಾ? ಗುಂಡುಗಳ ಲೆಕ್ಕ ಜಾಸ್ತಿ ನಂಬೋ ಹಾಗಿಲ್ಲ, ಕಾಲಕಾಲಕ್ಕೆ ಬದಲಾಗಿದೆ. (ಅವು ಮಾತ್ರೆಯೋ ನಾಣ್ಯವೋ ಅನ್ನೋ ಜಗಳ ಇಲ್ಲಿ ಬೇಡ!)

ಈ ಮನೆತನದಿಂದ ಪೋಪ್ ಆದವರ ಲಾಂಛನದಲ್ಲಿರುವ ಬೀಗದ ಕೈ ಗುರುತು ಇಲ್ಲ, ಬರೀ ಕಿರೀಟ ಇದೆ. ಅಂದರೆ ಇದೇ ಮನೆತನದ ಮೊದಲನೇ ಕೊಸಿಮೊ 1569ರಲ್ಲಿ ಟಸ್ಕನಿಯ ಗ್ರ್ಯಾಂಡ್ ಡ್ಯೂಕ್ (ಆ ಪ್ರಾಂತ್ಯದ ದೊರೆ) ಆದ ಮೇಲಿನದಿರಬಹುದಾ? 1737ರಲ್ಲಿ ಇವರಲ್ಲಿ ಕೊನೆಯ ಗ್ರ್ಯಾಂಡ್ ಡ್ಯೂಕ್ ಜಾನ್ ಗಾಸ್ತೋನೆ ತೀರಿಕೊಳ್ಳುವ ತನಕ ಆ ಪಟ್ಟ ಇವರದ್ದೇ. ಕಿರೀಟದ ಆಕಾರ ನೋಡಿ ಯಾವ ಡ್ಯೂಕ್ ಕಾಲದ್ದು ಅಂತ ಗುರುತಿಸಲು ಬರುವವರು ದಯವಿಟ್ಟು ತಿಳಿಸಿ.